ಕಾರಿನ ಬಿಲ್ಲೆ

(ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ, ವಿಶಾಖಪಟ್ಟಣ ಮತ್ತು ವಿಜಯವಾಡದ ಸದಸ್ಯರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ವಿಜಯವಾಡದ ಆಟೋನಗರದಲ್ಲಿ ತಗಡು ಬಡಿದು ಬದುಕಿದವನು. 1966ರಲ್ಲಿ ಹುಟ್ಟಿದ ಆ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಬಣ್ಣದವರು, ಗುಜರಿಯವರು ಎಲ್ಲರೂ ಉಂಟು. "ನಿಮ್ಮ ಕಸುಬಿನ ವಿಷಯವನ್ನೇ ಹೇಳಿ" ಎಂದು ಕಾರ್ಯದರ್ಶಿಗಳು ಹೇಳಿದ್ದರಿಂದ, ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಕಾರ್ಖಾನೆಯಲ್ಲಿ ಗುರುತಿನ ಬಿಲ್ಲೆ ಹೇಗೆ ಹಚ್ಚುತ್ತಿದ್ದರು, ಅದರಿಂದ ನಮಗೇನು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಬಿಲ್ಲೆ ನಮಗೆ ಹೊಸದಲ್ಲ. ಸ್ಟೇಷನ್ನಿನ ಕೂಲಿಯ ತೋಳಿನಲ್ಲಿ ಹಿತ್ತಾಳೆಯ ಬಿಲ್ಲೆಯುಂಟು. ಅಗಸನು ಬಟ್ಟೆಯ ಮೂಲೆಗೆ ಕರಿಯ ಗುರುತು ಹಾಕುತ್ತಾನೆ. ನೂರು ಮನೆಯ ಬಟ್ಟೆ ಒಂದೇ ಹೊಳೆಯಲ್ಲಿ ಬಿದ್ದರೂ ಆಯಾ ಮನೆಗೇ ಮರಳಬೇಕಲ್ಲವೇ? ಕಾರಿನ ಬಿಲ್ಲೆಯ ಮೂಲವೂ ಇದೇ.

ಇಂಗ್ಲೆಂಡಿನ ಆಸ್ಟಿನ್-ಹೀಲಿ ಕಾರನ್ನು ತೆಗೆದುಕೊಳ್ಳಿ. ಅದರ ಬಾಡಿಯನ್ನು ವೆಸ್ಟ್ ಬ್ರಾಮ್‌ವಿಚ್ ಊರಿನಲ್ಲಿ ಜೆನ್ಸೆನ್ ಕಂಪೆನಿ ಕಟ್ಟುತ್ತಿತ್ತು. ಕಾರನ್ನು ಪೂರ್ತಿಗೊಳಿಸುವ ಕೆಲಸ ಮೊದಲು ಲಾಂಗ್‌ಬ್ರಿಡ್ಜ್‌ನಲ್ಲಿ, 1957ರಿಂದ ಅಬಿಂಗ್ಡನ್ನಿನಲ್ಲಿ ನಡೆಯುತ್ತಿತ್ತು. ಆಗಿನ ಕೆಲಸ ಬಹುಮಟ್ಟಿಗೆ ಕೈಗೆಲಸ. ಒಂದು ಕಾರಿನ ಬಾನೆಟ್ಟು ಮತ್ತೊಂದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಅರದಿಂದ ಉಜ್ಜಿ, ಬಡಿದು, ಆ ಕಾರಿಗೇ ಹೊಂದಿಸಬೇಕಾಗಿತ್ತು. ಹೊಂದಿಸಿದ್ದನ್ನು ಬಣ್ಣಕ್ಕಾಗಿ ಬಿಚ್ಚಿದ ಮೇಲೆ ಯಾವುದು ಯಾವುದರದೆಂದು ತಿಳಿಯುವುದು ಹೇಗೆ? ಆದುದರಿಂದ ಬಾನೆಟ್ಟು, ಡಿಕ್ಕಿಯ ಮುಚ್ಚಳ ಮುಂತಾದವುಗಳ ಒಳಮೈಗೆ ಪಂಚಿನಿಂದ ಸಂಖ್ಯೆ ಹೊಡೆಯುತ್ತಿದ್ದರು. ಬಾಡಿಗೆ ಬೇರೊಂದು ಸಣ್ಣ ಬಿಲ್ಲೆ. ಹಳೆಯ ಕಾರುಗಳಲ್ಲಿ ಇಂಥ ಬಿಲ್ಲೆ ಬಣ್ಣದ ಪದರದ ಕೆಳಗೆ ಹೂತಿರುವುದೂ ಉಂಟು.

ಕಾರು ಸಿದ್ಧವಾಗುವಾಗ ದೊಡ್ಡ ಬಿಲ್ಲೆ ಬರುತ್ತದೆ. ಹಿತ್ತಾಳೆಯ ಅಥವಾ ಅಲ್ಯುಮಿನಿಯಮ್ಮಿನ ಆ ತಗಡಿನಲ್ಲಿ ಖಾಲಿ ಮನೆಗಳಿರುತ್ತವೆ; ಚಾಸಿಯ ಸಂಖ್ಯೆ, ಇಂಜಿನ್ನಿನ ಸಂಖ್ಯೆ ಇತ್ಯಾದಿಗಳನ್ನು ಅಲ್ಲಿ ಒತ್ತುತ್ತಾರೆ. 1961ರ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಇಂಜಿನ್ ಸಂಖ್ಯೆಯ ಕೊನೆಗೆ ಬರುವ 8 ಅಥವಾ 9 ಎಂಬ ಅಂಕಿ ಕಂಪ್ರೆಷನ್ ಎಷ್ಟೆಂಬುದನ್ನು ಹೇಳುತ್ತಿತ್ತು. ಎಂ.ಜಿ. ಕಾರಿನವರದು ಇನ್ನೊಂದು ತಮಾಷೆ. ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ನಂಬರು 251. ಆದುದರಿಂದ ಹೊಸ ಮಾದರಿ ಹೊರಟಾಗ ಚಾಸಿಯ ಎಣಿಕೆಯನ್ನು 251ರಿಂದಲೇ ಆರಂಭಿಸುತ್ತಿದ್ದರು!

ಬಿಲ್ಲೆಯನ್ನು ಬಿಗಿಯುತ್ತಿದ್ದುದು ಕೆಲವು ಕಡೆ ಸಾಮಾನ್ಯ ಸ್ಕ್ರೂಗಳಿಂದ, ಕೆಲವು ಕಡೆ ರಿವೆಟ್ಟುಗಳಿಂದ. ಮತ್ತೊಂದು ಬಗೆಯ ಮೊಳೆಯುಂಟು. ಅದರ ಮೈಗೆ ಓರೆಯಾದ ಸುತ್ತುಗಳಿವೆ, ತಲೆಯಲ್ಲಿ ಸೀಳಿಲ್ಲ. ಸುತ್ತಿಗೆಯಿಂದ ಬಡಿದರೆ ತಾನೇ ತಿರುಗುತ್ತ ಒಳಹೋಗುತ್ತದೆ. ತಿರುಗಿಸಿ ತೆಗೆಯಲು ಸ್ಕ್ರೂಡ್ರೈವರಿಗೆ ಎಡೆಯೇ ಇಲ್ಲ. ಯಾರಾದರೂ ಕಿತ್ತಿದ್ದರೆ ಗಾಯ ಉಳಿಯುತ್ತದೆ. ಆದರೂ ಬಿಲ್ಲೆಯನ್ನು ಕೀಳಬಹುದು. ಚಾಸಿಯ ಉಕ್ಕಿಗೆ ಹೊಡೆದ ಸಂಖ್ಯೆಯನ್ನು ಕೀಳಲಾಗದು. ನಿಜವಾದ ಸಾಕ್ಷಿ ಅದೇ.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನನಗೆ ಆಗ ಇಪ್ಪತ್ತೆರಡು. ನಮ್ಮ ಷೆಡ್ಡಿಗೆ ಎರಡೇ ಸೀಟಿನ ಒಂದು ಹಳೆಯ ಇಂಗ್ಲಿಷ್ ಕಾರು ಬಂದಿತ್ತು. ತುಕ್ಕು ಕೆರೆಯುವಾಗ ಬಣ್ಣದಡಿ ಅಂಟಿದ್ದ ತಗಡಿನ ಚೂರೊಂದನ್ನು ಉಳಿಯಿಂದ ಎಬ್ಬಿಸಿ, ತುಕ್ಕಿನೊಡನೆ ಗುಡಿಸಿ ಗುಜರಿಗೆ ಸುರಿದೆ. ಕಾರಿನ ಯಜಮಾನರು ವೃದ್ಧರು. ಅದು ಅವರ ತಂದೆಯ ಕಾರು. "ಬಾಡಿಯ ಬಿಲ್ಲೆ ಎಲ್ಲಪ್ಪಾ?" ಎಂದು ಕೇಳಿದಾಗ ನನ್ನ ಎದೆ ಒಡೆಯಿತು. ಎರಡು ದಿನ ಆ ಗುಜರಿಯ ರಾಶಿಯನ್ನು ಕೈಯಿಂದ ಸೋಸಿದೆ. ಎರಡನೆಯ ಸಂಜೆ ಸಿಕ್ಕಿತು, ಸೊಟ್ಟಗಾಗಿತ್ತು. ಎರಡು ದಿನದ ಕೂಲಿ ಹೋಯಿತು, ನ್ಯಾಯವೇ ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ಬೇರೊಂದು ಷೆಡ್ಡಿನಲ್ಲಿದ್ದೆ. ಒಬ್ಬ ಗಿರಾಕಿ ಜೇಬಿನಿಂದ ಬಿಲ್ಲೆಯೊಂದನ್ನು ತೆಗೆದು, "ಇದನ್ನು ಆ ಕಾರಿಗೆ ಹಚ್ಚು, ಚಾಸಿಯ ನಂಬರನ್ನು ಉಜ್ಜಿ ಹೊಸದು ಹೊಡೆ" ಎಂದ. ಮೇಸ್ತ್ರಿಯೂ ತಲೆಯಾಡಿಸಿದ. ನಾನು ಒಲ್ಲೆನೆಂದೆ. ಕೆಲಸ ಹೋಯಿತು. ಮೂರು ತಿಂಗಳು ಊರಿಗೆ ಹಣ ಕಳಿಸಲಾಗಲಿಲ್ಲ. ತಾಯಿಗೆ ಏನೆಂದು ಬರೆಯಬೇಕೆಂದೂ ತೋಚಲಿಲ್ಲ. ಆದರೆ ಗುಜರಿ ಸೋಸಿದ ಆ ಎರಡು ದಿನ ನನಗೆ ಪಾಠ ಕಲಿಸಿದ್ದವು. ಒಬ್ಬರ ಬಿಲ್ಲೆ ಇನ್ನೊಬ್ಬರ ಮೈಮೇಲೆ ಕೂತರೆ ಇಬ್ಬರೂ ಕಳೆದುಹೋದಂತೆ.

ಸೋದರರೇ, ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಕೊಳ್ಳುವವರು ಯಾರೂ ಇಲ್ಲ. ಹಳೆಯ ಮೋಟಾರ್ ಸೈಕಲ್ಲನ್ನು ಕೊಳ್ಳುವವರು ಬಹಳ. ಹಣ ಎಣಿಸುವ ಮೊದಲು ಚಾಸಿಯ, ಇಂಜಿನ್ನಿನ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ಒಂದೊಂದೇ ಅಂಕಿಯಾಗಿ ಹೋಲಿಸಿರಿ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜುವಂತೆ, ಸಂಖ್ಯೆಯ ಮೇಲೆ ಉಜ್ಜಿ ಅಚ್ಚು ತೆಗೆಯಿರಿ. ಅರದ ಗೆರೆ, ಅಕ್ಷರದ ಸೊಟ್ಟು ಕಾಣಿಸಿಬಿಡುತ್ತದೆ. ಈಗಿನ ವಾಹನಗಳ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿಗಳಿವೆ. ಒಂದು, ಸೊನ್ನೆಗಳೊಡನೆ ಗೊಂದಲವಾಗಬಾರದೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಊರಿನಿಂದ ಗಾಡಿ ತಂದು ಇಲ್ಲಿ 12 ತಿಂಗಳಿಗೆ ಮೀರಿ ಇಟ್ಟುಕೊಳ್ಳುವುದಾದರೆ, ಅಲ್ಲಿಯ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸತಕ್ಕದ್ದು. 50 ವರ್ಷ ಮೀರಿ ಮೂಲರೂಪದಲ್ಲೇ ಉಳಿದ ವಾಹನಗಳಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ಬೇರೆಯೇ ನೋಂದಣಿಯ ಕ್ರಮವನ್ನು ತಂದಿತು. ಅಜ್ಜನ ಗಾಡಿಯನ್ನು ಇಟ್ಟುಕೊಂಡಿರುವವರು ಅದರ ಬಿಲ್ಲೆಯನ್ನು ಕೆರೆಯದಿರಿ.

ವಿಶಾಖಪಟ್ಟಣದ ಮಿತ್ರರಿಗೆ ಒಂದು ಮಾತು. 1948ರ ಮಾರ್ಚ್ 14ರಂದು ನೆಹರೂ ಅವರು 'ಜಲ ಉಷಾ' ಹಡಗನ್ನು ನೀರಿಗಿಳಿಸಿದ್ದು ನಿಮ್ಮ ಈ ಊರಿನಲ್ಲಿ. ಹಡಗಿಗೂ ಅಳಿಸಲಾಗದ ಸಂಖ್ಯೆಯುಂಟು. ಹೆಸರು, ಧ್ವಜ, ಒಡೆಯ ಬದಲಾದರೂ ಅದರ ಐ.ಎಂ.ಓ. ಸಂಖ್ಯೆ ಬದಲಾಗದು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೂ ಗೇಟಿನಲ್ಲಿ ಒಂದು ಟೋಕನ್ ನಂಬರು ಕೊಡುತ್ತಾರೆ. ಅದು ಸ್ಕ್ರೂ ಬಿಚ್ಚಿದರೆ ಬರುವ ಬಿಲ್ಲೆ. ಉಕ್ಕಿಗೆ ಹೊಡೆದ ಗುರುತು ಬೇರೆ, ಅದು ನಾವು ಮಾಡುವ ಕೆಲಸದ ನೇರ್ಪು. ಅದನ್ನು ಯಾರ ಮಾತಿಗೂ ಉಜ್ಜಿಹಾಕಬೇಡಿರೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.