ಹಳೆಯ ಟ್ರಾಕ್ಟರಿಗೆ ಹೊಸ ಥರ್ಮೋಸ್ಟಾಟ್

(ಆದೋನಿ ಭಾಗದ ಸದಸ್ಯ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ತಳಿ, ಗೊಬ್ಬರ, ನೀರು ಇವುಗಳ ವಿಷಯವಾಗಿ ತಿಳಿದವರು ಈಗಾಗಲೇ ಮಾತನಾಡಿದ್ದಾರೆ. ನನಗೆ ಒಪ್ಪಿಸಿದ ವಿಷಯ ಚಿಕ್ಕದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಬಿಡಿಭಾಗ. ಅದರ ಹೆಸರು ಥರ್ಮೋಸ್ಟಾಟ್. ನಮ್ಮ ಕಡೆಯ ಹಳೆಯ ಟ್ರಾಕ್ಟರುಗಳನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಅದು ಇರುವುದೇ ಇಲ್ಲ. "ನಮ್ಮದು ಬಿಸಿಲ ಸೀಮೆ, ಇಲ್ಲಿ ಅದು ಯಾತಕ್ಕೆ?" ಎಂದು ತೆಗೆದು ಎಸೆದಿರುತ್ತಾರೆ. ಎಸೆದದ್ದು ತಪ್ಪು, ಮತ್ತೆ ಹಾಕಿಸಬೇಕು, ಹಾಕಿಸುವಾಗ ಮೇಣದ ಮಾದರಿಯದನ್ನೇ ಹಾಕಿಸಬೇಕು. ಇದೇ ನಾನು ಇಂದು ಹೇಳಬೇಕೆಂದಿರುವುದು.

ಈ ತಪ್ಪನ್ನು ನಾನೂ ಮಾಡಿದವನೇ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ತುಂಬಿದ ಟ್ರೇಲರ್ ಎಳೆಯುತ್ತಿದ್ದ ನನ್ನ ಟ್ರಾಕ್ಟರ್ ಏರಿನಲ್ಲಿ ಕುದಿದು ನಿಂತಿತು. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. 24 ಗಂಟೆಯೊಳಗೆ ನುರಿಸಬೇಕೆಂಬುದನ್ನು ತಾವೆಲ್ಲ ಬಲ್ಲಿರಿ. ಗಾಬರಿಯಲ್ಲಿ ಸಿಕ್ಕ ಮೆಕ್ಯಾನಿಕನನ್ನು ಕರೆತಂದೆ. ಅವನು ಥರ್ಮೋಸ್ಟಾಟ್ ಕಿತ್ತು ನನ್ನ ಕೈಗೆ ಕೊಟ್ಟು, "ಇನ್ನ ಕುದಿಯಂಗಿಲ್ಲ ಬಿಡ್ರಿ ಗೌಡ್ರ" ಎಂದ. ಅದು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ತೆಗೆದದ್ದರಿಂದ ಅಂದಿನ ಕೆಲಸ ನಡೆಯಿತು. ಆದರೆ ಹೊಸದನ್ನು ತಂದು ಹಾಕಬೇಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ಹಂಗಾಮು ಕಳೆಯುವುದರೊಳಗೆ ಡೀಸೆಲ್ ಖರ್ಚು ಏರಿತು, ಮುಂಜಾನೆ ಬಿಳಿ ಹೊಗೆ ಕಾಣಿಸಿತು, ಎಂಜಿನ್ ಆಯಿಲ್ ಕುಡಿಯತೊಡಗಿತು. ಕೊನೆಗೆ ಲೈನರು, ಪಿಸ್ಟನ್ನು, ರಿಂಗು ಎಲ್ಲ ಬದಲಿಸಬೇಕಾಯಿತು. ಬೇರೆ ಕಾರಣಗಳೂ ಕೂಡಿದ್ದಿರಬಹುದು. ಆದರೂ ಆ ಬಿಲ್ಲಿನ ಮುಂದೆ ಥರ್ಮೋಸ್ಟಾಟಿನ ಬೆಲೆ ಲೆಕ್ಕಕ್ಕೇ ಇರಲಿಲ್ಲ.

ಇದು ಮಾಡುವ ಕೆಲಸವೇನು? ಎಂಜಿನ್ನಿನ ನೀರಿಗೆ ಎರಡು ದಾರಿ. ಒಂದು, ಎಂಜಿನ್ನಿನೊಳಗೇ ಸುತ್ತುವ ಒಳದಾರಿ. ಇನ್ನೊಂದು, ರೇಡಿಯೇಟರಿಗೆ ಹೋಗಿ ಆರಿಕೊಂಡು ಬರುವ ಹೊರದಾರಿ. ಹೊರದಾರಿಗೆ ಇಟ್ಟ ತೂಬೇ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ನೀರು ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. 82 ಡಿಗ್ರಿಯದಾದರೆ ಸುಮಾರು 82 ಡಿಗ್ರಿ ಸೆಂಟಿಗ್ರೇಡಿಗೆ ಬಾಯಿ ಬಿಡಲಾರಂಭಿಸಿ, 95ರ ಸುಮಾರಿಗೆ ಪೂರ್ತಿ ತೆರೆಯುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎಂಜಿನ್ ತೀರ ತಣ್ಣಗಾಗದಂತೆ ನೋಡಿಕೊಳ್ಳುವುದು ಥರ್ಮೋಸ್ಟಾಟು. ತೀರ ಬಿಸಿಯಾಗದಂತೆ ನೋಡಿಕೊಳ್ಳುವುದು ರೇಡಿಯೇಟರು, ಫ್ಯಾನು, ವಾಟರ್ ಪಂಪು. ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ನೀರಿಲ್ಲದಾಗ ತೂಬನ್ನೇ ಕಿತ್ತು ಹಾಕಿದರೆ ಹೊಲಕ್ಕೆ ನೀರು ಬರುವುದೇ? ಆದೋನಿಯ ಬೇಸಿಗೆ 42 ಡಿಗ್ರಿ ಮುಟ್ಟಿದರೂ ಎಂಜಿನ್ನಿಗೆ ಬೇಕಾದ ಬಿಸಿ ಅದರ ಇಮ್ಮಡಿ. ನಮಗೆ ಬಿಸಿಲೆನಿಸುವುದು ಅದಕ್ಕೆ ತಂಪೇ.

ತಣ್ಣಗೆ ಓಡುವ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಲೈನರಿನ ಮೇಲಿನ ಎಣ್ಣೆಯ ಪದರವನ್ನು ತೊಳೆದು, ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ. ಉರಿಯುವಾಗ ಹುಟ್ಟುವ ನೀರಾವಿ ಹನಿಗಟ್ಟಿ ಆಯಿಲಿನೊಡನೆ ಬೆರೆತು ಕೆಸರಾಗುತ್ತದೆ. ಹಿಂದೆ ಡೀಸೆಲಿನಲ್ಲಿ ಗಂಧಕ ಹೆಚ್ಚಿದ್ದ ಕಾಲದಲ್ಲಿ ಈ ಹನಿಯೇ ಆಮ್ಲವಾಗಿ ಲೈನರನ್ನು ತಿನ್ನುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದಿರುವ ಬಿ.ಎಸ್.-6 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ. ಆ ಒಂದು ಭಯ ಕಡಿಮೆಯಾಯಿತು. ಉಳಿದ ಕೇಡುಗಳು ಹಾಗೆಯೇ ಇವೆ. ಕಾರ್ಖಾನೆಯ ಯಾರ್ಡಿನಲ್ಲಿ ಸರತಿಗಾಗಿ ಗಂಟೆಗಟ್ಟಲೆ ಸುಮ್ಮನೆ ಓಡುವ ಟ್ರಾಕ್ಟರಿಗೆ ಈ ಕೇಡು ಹೆಚ್ಚು.

ಇನ್ನೂ ಒಂದು ವಿಚಿತ್ರವುಂಟು. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಹೊರದಾರಿಯನ್ನು ತೆರೆಯುತ್ತಲೇ ತನ್ನ ಕೆಳಗಿನ ತಟ್ಟೆಯಿಂದ ಒಳದಾರಿಯನ್ನು ಮುಚ್ಚುತ್ತದೆ. ಅಂಥದರಲ್ಲಿ ಅದನ್ನು ಕಿತ್ತರೆ ಒಳದಾರಿ ಸದಾ ತೆರೆದೇ ಉಳಿದು, ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಂಪಾಗಲೆಂದು ಕಿತ್ತವರ ಎಂಜಿನ್ನೇ ಮೊದಲು ಕುದಿಯುತ್ತದೆ.

ಈಗ ಮಾದರಿಯ ವಿಚಾರ. ಬಹಳ ಹಳೆಯ ಎಂಜಿನ್ನುಗಳಲ್ಲಿ ತಿದಿಯ ಮಾದರಿಯ ಥರ್ಮೋಸ್ಟಾಟ್ ಇರುತ್ತಿತ್ತು. ಮಡಿಕೆ ಮಡಿಕೆಯಾದ ತೆಳು ಲೋಹದ ತಿದಿಯೊಳಗೆ ಬೇಗ ಆವಿಯಾಗುವ ದ್ರವ. ರೇಡಿಯೇಟರಿಗೆ ಒತ್ತಡದ ಮುಚ್ಚಳ ಬಂದ ಮೇಲೆ ಆ ಒತ್ತಡ ತಿದಿಯನ್ನು ಅದುಮಿ, ತೆರೆಯುವ ಹೊತ್ತನ್ನು ತಪ್ಪಿಸುತ್ತದೆ. ಮೇಣದ ಮಾದರಿಯಲ್ಲಿ ಗಟ್ಟಿ ಲೋಹದ ಕರಂಡಿಕೆಯೊಳಗೆ ಮೇಣವಿರುತ್ತದೆ. ಅದು ಕರಗಿ ಹಿಗ್ಗಿ ಕಡ್ಡಿಯನ್ನು ದಬ್ಬುತ್ತದೆ. ಒತ್ತಡಕ್ಕೆ ಇದು ಜಗ್ಗುವುದಿಲ್ಲ. ಇದಕ್ಕೂ ಒಂದು ದೋಷವುಂಟು: ತಿದಿ ಒಡೆದರೆ ಬಹುಮಟ್ಟಿಗೆ ತೆರೆದೇ ನಿಲ್ಲುತ್ತದೆ, ಮೇಣ ಸೋರಿದರೆ ಮುಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಹಂಗಾಮಿಗೆ ಮೊದಲು, ಬದಲಿಸಿಬಿಡುವುದು ಮೇಲು. ಹಳೆಯ ಡೀಸೆಲ್ ಜೀಪು ಉಳ್ಳವರಿಗೂ ಇದೇ ಮಾತು. ಗಾಳಿಯಿಂದಲೇ ತಂಪಾಗುವ ಹಳೆಯ ಐಷರ್ ಎಂಜಿನ್ನುಗಳಿಗೆ ಮಾತ್ರ ಇದು ಅನ್ವಯಿಸದು.

ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಅಗಲ, ಎತ್ತರ, ಕೆಳಗಿನ ತಟ್ಟೆ ಎಲ್ಲವೂ ಹೊಂದಬೇಕು. ಮೇಲೆ 74, 82, 88 ಎಂಬಂತೆ ಅಂಕಿ ಒತ್ತಿರುತ್ತದೆ. ಟ್ರಾಕ್ಟರಿನ ಪುಸ್ತಕದಲ್ಲಿ ಹೇಳಿದ ಅಂಕಿಯದನ್ನೇ ಕೇಳಿರಿ. ಬಿಸಿಲ ಸೀಮೆಯೆಂದು ಕಡಿಮೆ ಅಂಕಿಯದನ್ನು ತಂದರೆ ಕುದಿಯುವುದು ನಿಲ್ಲುವುದಿಲ್ಲ.

ಹೊಸದನ್ನೂ ಪರೀಕ್ಷಿಸಿಯೇ ಹಾಕಿರಿ. ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿರಿ. ಉಗುರು ಬೆಚ್ಚಗಿನ ನೀರಿನಲ್ಲಿ ಮುಚ್ಚಿರಬೇಕು. ಕುದಿಯುವ ಮೊದಲೇ ಬಾಯಿ ತೆರೆದಿರಬೇಕು. ಆರಿದಾಗ ಮತ್ತೆ ಮುಚ್ಚಬೇಕು. ಕೂರಿಸುವಾಗ ಮೇಣದ ಕರಂಡಿಕೆ ಎಂಜಿನ್ನಿನ ಕಡೆಗಿರಲಿ. ಗಾಳಿ ಹೋಗುವ ಸಣ್ಣ ತೂತಿದ್ದರೆ ಅದು ಮೇಲಕ್ಕಿರಲಿ. ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆದು ಹೊಸದನ್ನು ಹಾಕಿರಿ. ನೀರನ್ನು ನಿಧಾನವಾಗಿ ತುಂಬಿ, ಎಂಜಿನ್ ಬಿಸಿಯಾಗಿ ತಿರುಗಿ ಆರಿದ ಮೇಲೆ ಮತ್ತೊಮ್ಮೆ ಮಟ್ಟ ನೋಡಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿರಿ. ಚಿಮ್ಮುವ ನೀರು ಮುಖ ಸುಡುತ್ತದೆ.

ಇಷ್ಟಾದರೂ ಕುದಿದರೆ ತಪ್ಪು ಬೇರೆ ಕಡೆ ಇದೆ. ರೇಡಿಯೇಟರಿನ ಜಾಲರಿಯಲ್ಲಿ ರವದಿ, ಎರೆಮಣ್ಣಿನ ಧೂಳು ಕಟ್ಟಿದೆಯೇ? ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ? ಹೋಸ್ ಪೈಪ್ ಒಳಗೆ ಮೆತ್ತಗಾಗಿ ಅಂಟಿಕೊಳ್ಳುತ್ತಿದೆಯೇ? ಮುಚ್ಚಳದ ರಬ್ಬರ್ ಸರಿಯಿದೆಯೇ? ಒಂದು ಪೌಂಡ್ ಒತ್ತಡ ನೀರು ಕುದಿಯುವ ಬಿಸಿಯನ್ನು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೊಯ್ಯುತ್ತದೆ. 7 ಪೌಂಡಿನ ಮುಚ್ಚಳ ಸರಿಯಿದ್ದರೆ ಹತ್ತು ಡಿಗ್ರಿಯ ಲಾಭ. ಎಲ್ಲಕ್ಕಿಂತ ಮಿಗಿಲಾಗಿ, ಕೊಳವೆ ಬಾವಿಯ ಗಡಸು ನೀರನ್ನು ಹಾಕುತ್ತಿದ್ದೀರಾ? ಅದರ ಸುಣ್ಣ ಒಳಗೆಲ್ಲ ಪೊರೆ ಕಟ್ಟುತ್ತದೆ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ಅಥವಾ ಶುಚಿಯಾಗಿ ಹಿಡಿದ ಮಳೆನೀರಿಗೆ ಕೂಲೆಂಟ್ ಬೆರೆಸಿ ಹಾಕಿದರೆ ತುಕ್ಕೂ ತಪ್ಪುತ್ತದೆ.

ಬಂಧುಗಳೇ, ಹಂಗಾಮು ಶುರುವಾಗುವ ಮೊದಲು ಒಂದು ಬೆಳಗ್ಗೆ ಇದಕ್ಕಾಗಿ ಬಿಡುವು ಮಾಡಿಕೊಳ್ಳಿರಿ. ತಮ್ಮ ಟ್ರಾಕ್ಟರಿನ ಬಾಗಿಲು ಇದೆಯೋ ಇಲ್ಲವೋ, ತೆರೆಸಿ ಕಣ್ಣಾರೆ ನೋಡಿರಿ. ಮೆಕ್ಯಾನಿಕ್ ಅದನ್ನು ಕಿತ್ತು ಕೈಗೆ ಕೊಟ್ಟ ದಿನವೇ "ಹೊಸದು ಎಂದು ಹಾಕುತ್ತೀಯಪ್ಪಾ?" ಎಂದು ಕೇಳಿರಿ. ನಾನು ಕೇಳದೆ ಕೆಟ್ಟೆ, ತಾವು ಕೇಳಿರಿ.