ಔಷಧ ಪ್ರಯೋಗ ಮತ್ತು ಸಮ್ಮತಿಯ ಪತ್ರ



ಮೂವತ್ತು ವರ್ಷ ಕನ್ನಡ ವ್ಯಾಕರಣವನ್ನು ಬೋಧಿಸಿದವನು ವೈದ್ಯಕೀಯದ ಮಾತನ್ನೆತ್ತಿಕೊಳ್ಳುವುದಕ್ಕೆ ಕಾರಣವಿದೆ. ನನ್ನ ಪತ್ನಿಗೆ ಹನ್ನೊಂದು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ವಯಸ್ಸಾದಂತೆ ಕೀಲು ಸವೆದು ಬರುವ ಮಂಡಿನೋವಲ್ಲ ಇದು. ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುವ ಉರಿಯೂತ. ಬೆಳಗ್ಗೆ ಎದ್ದೊಡನೆ ಬೆರಳು ಮಡಿಸಲಾಗದು, ಗಂಟೆಗಟ್ಟಲೆ ಕಾಯಬೇಕು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯಿಂದ ಆಕೆ ಬಹುಕಾಲ ನೆಮ್ಮದಿಯಾಗಿದ್ದಳು. ಕ್ರಮೇಣ ಅದು ಸಾಲದಾಯಿತು. ಆಗ ವೈದ್ಯರು ಹೊಸ ಔಷಧದ ಪ್ರಯೋಗವೊಂದರ ಪ್ರಸ್ತಾಪ ಮಾಡಿದರು.

"ನೋಡಿ, ನಾನೇನು ಪ್ರಯೋಗಶಾಲೆಯ ಇಲಿಯೇ?" ಎಂದಳು ಆಕೆ.

ನ್ಯಾಯವಾದ ಪ್ರಶ್ನೆ. ಆದರೆ ಆಕೆ ನುಂಗುತ್ತಿದ್ದ ಮಾತ್ರೆಯೂ ಹೀಗೆಯೇ ಬಂದದ್ದು. 1985ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 28 ರೋಗಿಗಳು 24 ವಾರ ಪಾಲ್ಗೊಂಡಿದ್ದರು. ಅರ್ಧ ಕಾಲ ನಿಜವಾದ ಮದ್ದು, ಅರ್ಧ ಕಾಲ ಹುಸಿ ಮದ್ದು, ಯಾವುದು ಯಾವಾಗ ಎಂದು ಅವರಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ನಮ್ಮ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಅವರು ಉರಿಯೂತದ ಮೂಲಕ್ಕೇ ತಡೆಯೊಡ್ಡುವ ಔಷಧವನ್ನು ಮೊದಲು ಕೊಟ್ಟದ್ದು 20 ಮಂದಿಗೆ. ಅವರು ಯಾರೋ, ಏನೋ! ಔಷಧದ ಚರಿತ್ರೆಯಲ್ಲಿ ಅವರು ಬರಿಯ ಸಂಖ್ಯೆ.

ಇಂಥ ಪ್ರಯೋಗ ಎಲ್ಲಿ ನಡೆಯುತ್ತಿದೆಯೆಂದು ತಿಳಿಯಲು ವೈದ್ಯರ ಬಾಯಿಮಾತೊಂದನ್ನೇ ನೆಚ್ಚಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಸಿ.ಟಿ.ಆರ್.ಐ. ಎಂಬ ನೋಂದಣಿಯನ್ನು ತೆರೆಯಿತು. 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಅಲ್ಲಿ ನೋಂದಣಿ ಕಡ್ಡಾಯ. ಅಂತರ್ಜಾಲದಲ್ಲಿ ಯಾರಾದರೂ ಉಚಿತವಾಗಿ ನೋಡಬಹುದು. ಯಾವ ಊರು, ಯಾವ ಆಸ್ಪತ್ರೆ, ಯಾವ ವಯಸ್ಸಿನವರು, ಯಾರು ಸೇರುವಂತಿಲ್ಲ, ನೀತಿಸಮಿತಿ ಒಪ್ಪಿದೆಯೇ, ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ, ಎಲ್ಲವೂ ಅಲ್ಲಿದೆ. ಇಂಗ್ಲಿಷಿನಲ್ಲಿದೆಯೆಂಬುದೇ ಕೊರತೆ. ನಮ್ಮ ಮಗಳು ಓದಿ ಹೇಳಿದಳು.

ಸಮ್ಮತಿಯ ಪತ್ರವೇನೋ ಕನ್ನಡದಲ್ಲಿಯೇ ಬಂದಿತು. ಆದರೆ ಎಂಥ ಕನ್ನಡ! "ರಕ್ತವನ್ನು ಸಂಗ್ರಹಿಸಲಾಗುವುದು", "ಔಷಧವನ್ನು ನೀಡಲಾಗುವುದು": ಆದಿಯಿಂದ ಅಂತ್ಯದವರೆಗೆ ಕರ್ಮಣಿ ಪ್ರಯೋಗ, ಮಾಡುವವರು ಯಾರೆಂಬುದೇ ಇಲ್ಲ. "ಯಾದೃಚ್ಛಿಕ ಹಂಚಿಕೆ" ಎಂದರೆ ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುವುದು ಎಂದು ನಾನು ಬಿಡಿಸಿ ಹೇಳಿದೆ. "ಹಾಗಾದರೆ ನನಗೆ ಹುಸಿ ಮಾತ್ರೆಯೇ ಬರಬಹುದು" ಎಂದಳು. ಬರಬಹುದು. ಪ್ರಯೋಗವು ಚಿಕಿತ್ಸೆಯ ಭರವಸೆಯಲ್ಲ, ಉತ್ತರ ತಿಳಿಯದ ಪ್ರಶ್ನೆ. ಆಸ್ಪತ್ರೆಯವರು ಇದನ್ನು ಎರಡು ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿದೋರಲಿಲ್ಲ.

2019ರ ನಿಯಮಗಳು ರೋಗಿಯ ಪರವಾಗಿಯೇ ಇವೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಧನ. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರುವ ಸ್ವಾತಂತ್ರ್ಯ. ಏಳು ಮಂದಿಗೆ ಕಡಿಮೆಯಿಲ್ಲದ ನೀತಿಸಮಿತಿಯಲ್ಲಿ ವೈದ್ಯನಲ್ಲದ ಸಾಮಾನ್ಯನೊಬ್ಬನೂ ಇರಬೇಕು. ಹಾಲಿ ಮಾತ್ರೆಯನ್ನು ನಿಲ್ಲಿಸುವುದಿಲ್ಲವೆಂಬುದೂ ಆ ಪತ್ರದಲ್ಲಿತ್ತು. ಆದರೆ ನನ್ನಾಕೆ ಕೇಳಿದ ಒಂದು ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ: "ಗುಣ ಕಂಡಮೇಲೆ ಪ್ರಯೋಗ ಮುಗಿದುಹೋದರೆ, ಆ ಮದ್ದನ್ನು ಎಲ್ಲಿಂದ ತರೋಣ?" ಆಸ್ಪತ್ರೆಯ ಹುಡುಗಿ ವಿಚಾರಿಸಿ ಹೇಳುತ್ತೇನೆಂದಳು. ಉತ್ತರವನ್ನು ಬರಹದಲ್ಲಿ ಕೊಡಿ ಎಂದೆವು. ಬಂದಿತು: ಒಂದು ವರ್ಷ ಕೊಡುತ್ತಾರೆ, ಮುಂದಿನದು ನಮ್ಮ ಖರ್ಚು. ಅದನ್ನು ತಿಳಿದೇ ಆಕೆ ಒಪ್ಪಿದಳು.

ಸೇರುವ ಮುನ್ನ ಪರೀಕ್ಷೆಗಳುಂಟು. ದೇಹದ ಕಾವಲನ್ನು ತಗ್ಗಿಸುವ ಇಂಥ ಔಷಧಗಳು ಒಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ನಮ್ಮ ದೇಶದಲ್ಲಿ ಅದು ಸಣ್ಣ ಮಾತಲ್ಲ. ಆಕೆಯ ರಕ್ತದಲ್ಲಿ ಅದರ ಸುಳಿವು ಸಿಕ್ಕಿತು, ಸೇರಿಸಿಕೊಳ್ಳಲಿಲ್ಲ. ಈಗ ಕ್ಷಯದ ತಡೆಮದ್ದು ನಡೆಯುತ್ತಿದೆ. ಅದು ಮುಗಿಯುವ ಹೊತ್ತಿಗೆ ಆ ಪ್ರಯೋಗದ ಬಾಗಿಲು ಮುಚ್ಚಿರಬಹುದು. ಬೆಂಗಳೂರಿನ ಇನ್ನೊಂದನ್ನು ಮಗಳು ನೋಂದಣಿಯಲ್ಲಿ ಗುರುತು ಮಾಡಿಟ್ಟಿದ್ದಾಳೆ.