ಓಡುವ ನೆಲ, ನಿಂತ ಹುಡುಗ

(ಪದವಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರಲ್ಲಿ ಒಬ್ಬರು, ‘ಹುಡುಗರ ಆಟದ ಬಗ್ಗೆ ಅಷ್ಟು ಹೊತ್ತು ಹೇಳುವುದಕ್ಕೆ ಏನಿದೆ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವ ಮೊದಲು ನಾನೂ ನಿಮಗೊಂದು ಪ್ರಶ್ನೆ ಹಾಕುತ್ತೇನೆ. ಕೆಂಪು ಟೋಪಿಯ ಡೇವ್ ನಿಮಗೆ ಗೊತ್ತೇ? ನಿಮಗೆ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಅತ್ತೆಯರನ್ನು ಕೇಳಿ ನೋಡಿ. 1990ರ ದಶಕದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರದ ಮೆಟ್ಟಿಲು ಹತ್ತಿದವರಲ್ಲಿ ಅನೇಕರಿಗೆ ಆತ ಪರಿಚಿತ. ವಜ್ರಗಳನ್ನು ಆರಿಸುತ್ತಾ, ಬೆಂಕಿಯನ್ನು ಹಾರುತ್ತಾ, ಬಟ್ಟಲನ್ನು ಹಿಡಿದು ಬಾಗಿಲು ಸೇರುವ ‘ಡೇಂಜರಸ್ ಡೇವ್’ ಅವನು. ಅಮೆರಿಕದ ಜಾನ್ ರೊಮೆರೊ ಎಂಬ ಯುವಕ 1988ರಲ್ಲಿ ಆಪಲ್ 2 ಕಂಪ್ಯೂಟರಿಗೆಂದು ಬರೆದ ಆಟ.

ಈಗ ಎರಡನೆಯ ಪ್ರಶ್ನೆ. ಆ ಆಟಕ್ಕೆ ಹಣ ಕೊಟ್ಟವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ? ನಾನು ಕೇಳಿದವರಲ್ಲಿ ಒಬ್ಬರೂ ಇಲ್ಲ. ಆಟ ಒಂದು ಫ್ಲಾಪಿಯಿಂದ ಇನ್ನೊಂದು ಫ್ಲಾಪಿಗೆ ನಕಲಾಗುತ್ತಾ ಬಂತು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಗೆ ಇಲ್ಲಿಗೇ ಬರುತ್ತೇನೆ.

ಈ ಬಗೆಯ ಆಟಗಳಲ್ಲಿ ನಾಯಕ ಎಡದಿಂದ ಬಲಕ್ಕೆ ಓಡುತ್ತಾನೆ. ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಾನೆ. ಆದರೆ ಗಮನವಿಟ್ಟು ನೋಡಿ. ಹುಡುಗ ಪರದೆಯ ಮಧ್ಯದಲ್ಲೇ ನಿಂತಿರುತ್ತಾನೆ, ಓಡುವುದು ನೆಲ. ಬಸ್ಸಿನ ಕಿಟಕಿಯಲ್ಲಿ ಮರಗಳು ಹಿಂದಕ್ಕೆ ಓಡುವ ಹಾಗೆ. ಯಕ್ಷಗಾನದಲ್ಲಿ ವೇಷಧಾರಿ ರಂಗದಲ್ಲೇ ಪ್ರಯಾಣದ ಕುಣಿತ ಹಾಕಿದರೆ ಅವನು ಹಸ್ತಿನಾವತಿಯಿಂದ ದ್ವಾರಕೆಗೆ ಹೋದನೆಂದು ನಾವು ಒಪ್ಪಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಆ ಸೌಕರ್ಯವಿಲ್ಲ. ಅದು ಹಸ್ತಿನಾವತಿಯನ್ನು ಚುಕ್ಕೆ ಚುಕ್ಕೆಯಾಗಿ ಹಿಂದಕ್ಕೆ ಎಳೆದು, ದ್ವಾರಕೆಯನ್ನು ಚುಕ್ಕೆ ಚುಕ್ಕೆಯಾಗಿ ಮುಂದಕ್ಕೆ ತರಬೇಕು. ಅದೂ ಸೆಕೆಂಡಿಗೆ ಹತ್ತಾರು ಸಲ. ಮನೆಗಳಿಗೆ ಬಂದ ಮೊದಲ ಕಂಪ್ಯೂಟರುಗಳಿಗೆ ಅಷ್ಟು ಶಕ್ತಿ ಇರಲಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ‘ಝೆಡ್ಎಕ್ಸ್ ಸ್ಪೆಕ್ಟ್ರಮ್’ ಎಂಬ ಅಗ್ಗದ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಮಿದುಳಾದ ಝೆಡ್-80 ಚಿಪ್‌ನ ಗಡಿಯಾರ ಸೆಕೆಂಡಿಗೆ 35 ಲಕ್ಷ ಸಲ ಬಡಿಯುತ್ತಿತ್ತು. ಕೇಳುವುದಕ್ಕೆ ದೊಡ್ಡ ಸಂಖ್ಯೆ. ಆದರೆ ಟಿವಿ ಪರದೆ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತದೆ. ಅಲ್ಲಿಗೆ ಒಂದು ಚಿತ್ರದ ಪಾಲಿಗೆ ಸಿಗುವುದು 70 ಸಾವಿರ ಬಡಿತ. ಪರದೆಯ ಚುಕ್ಕೆಗಳನ್ನೆಲ್ಲ ಹಿಡಿದಿಡಲು ಬೇಕಾದ ಜಾಗ 6,144 ಬೈಟ್. ಒಂದು ಬೈಟನ್ನು ಪಕ್ಕಕ್ಕೆ ಸಾಗಿಸಲು ಆ ಚಿಪ್‌ನ ಮಾಮೂಲಿ ಆದೇಶಕ್ಕೆ 21 ಬಡಿತ ಬೇಕು. ಗುಣಿಸಿದರೆ 1 ಲಕ್ಷ 29 ಸಾವಿರ! ಅಂದರೆ ನಾಯಕ, ವೈರಿ, ಅಂಕ, ಸದ್ದು ಎಲ್ಲವನ್ನೂ ಮರೆತು ಬರೀ ನೆಲ ಎಳೆಯುತ್ತೇನೆಂದರೂ ಅದಕ್ಕೆ ಆಗುತ್ತಿರಲಿಲ್ಲ.

ಹಾಗಾದರೆ ಏನು ಮಾಡುವುದು? ನೆಲವನ್ನು ಓಡಿಸುವುದೇ ಬೇಡ ಎಂದು ಅನೇಕರು ತೀರ್ಮಾನಿಸಿದರು. ಅವರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗನೂ ಒಬ್ಬ. 1983ರಲ್ಲಿ ಅವನು ಬರೆದ ‘ಮ್ಯಾನಿಕ್ ಮೈನರ್’ ಆಟದಲ್ಲಿ 20 ಗುಹೆಗಳು. ಒಂದು ಗುಹೆಗೆ ಒಂದು ಪರದೆ. ಮರುವರ್ಷ ಬಂದ ‘ಜೆಟ್ ಸೆಟ್ ವಿಲ್ಲಿ’ಯಲ್ಲಿ ಒಂದು ದೊಡ್ಡ ಬಂಗಲೆ. ಒಂದು ಕೋಣೆಯ ಅಂಚು ದಾಟಿದರೆ ಪರದೆ ಮಗುಚಿ ಇನ್ನೊಂದು ಕೋಣೆ ಕಾಣುತ್ತದೆ. ಪುಸ್ತಕದ ಪುಟ ತಿರುವಿದ ಹಾಗೆ.

ಈ ‘ಜೆಟ್ ಸೆಟ್ ವಿಲ್ಲಿ’ಯ ಎರಡು ಸಂಗತಿಗಳನ್ನು ಹೇಳಲೇಬೇಕು. ಆಗ ಆಟಗಳು ಬರುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರ್ ಜೋಡಿಸಿ, ಕೀರಲು ಸದ್ದು ಕೇಳುತ್ತಾ ನಾಲ್ಕೈದು ನಿಮಿಷ ಕಾದರೆ ಆಟ ಯಂತ್ರದೊಳಗೆ ಇಳಿಯುತ್ತಿತ್ತು. ಎರಡು ಟೇಪ್ ರೆಕಾರ್ಡರ್ ಇದ್ದವರು ಮನೆಯಲ್ಲೇ ನಕಲು ಮಾಡಿಕೊಳ್ಳಬಹುದಿತ್ತು. ಅದನ್ನು ತಡೆಯಲು ಪ್ರಕಾಶಕರು ಈ ಆಟದ ಜೊತೆಗೆ ಬಣ್ಣದ ಚೌಕಗಳ ಒಂದು ಚೀಟಿ ಇಟ್ಟರು. ಯಂತ್ರ ಕೇಳಿದ ಚೌಕದ ಬಣ್ಣಗಳನ್ನು ಹೇಳಿದರೆ ಮಾತ್ರ ಪ್ರವೇಶ. ಆಗಿನ ಜೆರಾಕ್ಸ್ ಯಂತ್ರಗಳಲ್ಲಿ ಬಣ್ಣ ಬರುತ್ತಿರಲಿಲ್ಲವಲ್ಲ! ಹುಡುಗರು ಬಣ್ಣದ ಪೆನ್ಸಿಲ್ ಹಿಡಿದು ಕೂತು ಚೀಟಿಯನ್ನೂ ನಕಲು ಮಾಡಿದರು.

ಎರಡನೆಯದು, ಆಟದಲ್ಲಿದ್ದ ದೋಷ. ಬಂಗಲೆಯ ಅಟ್ಟಕ್ಕೆ ಒಮ್ಮೆ ಕಾಲಿಟ್ಟರೆ ಬೇರೆ ಕೆಲವು ಕೋಣೆಗಳು ಕೆಟ್ಟುಹೋಗಿ, ಆಟ ಮುಗಿಸುವುದೇ ಅಸಾಧ್ಯವಾಗುತ್ತಿತ್ತು. ಅದು ಬೇಕೆಂದೇ ಇಟ್ಟದ್ದು ಎಂದು ಪ್ರಕಾಶಕರು ಮೊದಲು ಹೇಳಿದರು. ಆಮೇಲೆ ದೋಷವೆಂದು ಒಪ್ಪಿ ತಿದ್ದುಪಡಿ ಕೊಟ್ಟರು. ಆ ಕೆಲವು ಸಂಖ್ಯೆಗಳನ್ನು ಆಟ ಶುರುಮಾಡುವ ಮುನ್ನ ಆಟಗಾರ ತಾನೇ ಟೈಪ್ ಮಾಡಬೇಕಿತ್ತು. ಯಂತ್ರದ ಒಳಗನ್ನು ಕೈಯಿಂದ ಮುಟ್ಟಿ ರಿಪೇರಿ ಮಾಡುವುದನ್ನು ಒಂದು ಪೀಳಿಗೆಯ ಹುಡುಗರು ಹೀಗೆ ಆಡುತ್ತಾಡುತ್ತಾ ಕಲಿತರು.

ಇನ್ನು ಅಮೆರಿಕದ ಕಮೋಡೋರ್-64. ಇದೂ 1982ರದೇ. ಇದರ ಮಿದುಳು ಸ್ಪೆಕ್ಟ್ರಮ್‌ಗಿಂತ ಚುರುಕೇನಲ್ಲ. ಆದರೆ ಚಿತ್ರ ಬರೆಯಲೆಂದೇ ಪ್ರತ್ಯೇಕ ಚಿಪ್ ಇತ್ತು. ಪರದೆಯನ್ನು ಅಡ್ಡಕ್ಕೆ 40, ಉದ್ದಕ್ಕೆ 25ರಂತೆ ಸಾವಿರ ಮನೆಗಳಾಗಿ ಅದು ನೋಡುತ್ತಿತ್ತು. ಪ್ರತಿ ಮನೆ 8 ಚುಕ್ಕೆ ಅಗಲ. ಇಡೀ ಪರದೆಯನ್ನು 7 ಚುಕ್ಕೆಯವರೆಗೆ ಪಕ್ಕಕ್ಕೆ ಸರಿಸು ಎಂದು ಈ ಚಿಪ್‌ಗೆ ಒಂದೇ ಆದೇಶದಲ್ಲಿ ಹೇಳಬಹುದಿತ್ತು. ಎಂಟನೆಯ ಚುಕ್ಕೆಗೆ ಬಂದಾಗ ಮಾತ್ರ ಮಿದುಳು ಎದ್ದು, ಸಾವಿರ ಮನೆಗಳನ್ನೂ ಒಂದೊಂದು ಸ್ಥಾನ ಸಾಗಿಸಬೇಕು. ಜಾಣರು ಆ ಕೆಲಸವನ್ನೂ ಕಂತಿನಲ್ಲಿ ಮಾಡಿದರು: ಮುಂದಿನ ಪರದೆಯನ್ನು ಮರೆಯಲ್ಲಿ ಸ್ವಲ್ಪ ಸ್ವಲ್ಪವೇ ಸಿದ್ಧಪಡಿಸಿ, ಎಂಟನೆಯ ಹೆಜ್ಜೆಗೆ ಸರಿಯಾಗಿ ಬದಲಾಯಿಸುವುದು. ಅಂಚಿನಲ್ಲಿ ಹೊಸ ಚಿತ್ರ ಮೂಡುವುದು ಕಾಣದಿರಲೆಂದು ಎಡಬಲದ ಒಂದೊಂದು ಸಾಲನ್ನು ಮುಚ್ಚಿಡುವ ವ್ಯವಸ್ಥೆಯೂ ಇತ್ತು.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ ಬ್ರದರ್ಸ್’ ಬಂತು. ಅದು ಕಂಪ್ಯೂಟರಿನದಲ್ಲ, ಟಿವಿಗೆ ಜೋಡಿಸುವ ಆಟದ ಯಂತ್ರದ್ದು. ಆ ಯಂತ್ರಕ್ಕೆ ನೆಲ ಓಡಿಸುವುದು ಹುಟ್ಟುಗುಣ. ಕಂಪ್ಯೂಟರ್ ಇಟ್ಟುಕೊಂಡವರಿಗೆ ಹೊಟ್ಟೆಯುರಿ. 1987ರಲ್ಲಿ ಜರ್ಮನಿಯ ಕೆಲವು ಯುವಕರು ಕಮೋಡೋರ್‌ಗಾಗಿ ‘ದಿ ಗ್ರೇಟ್ ಜಿಯಾನಾ ಸಿಸ್ಟರ್ಸ್’ ಎಂಬ ಆಟ ತಂದರು. ಅಲ್ಲಿ ಅಣ್ಣ ತಮ್ಮ, ಇಲ್ಲಿ ಅಕ್ಕ ತಂಗಿ. ಮೊದಲ ಹಂತವಂತೂ ಮಾರಿಯೊನ ಮೊದಲ ಹಂತದ ಪಡಿಯಚ್ಚು. ನಿಂಟೆಂಡೊ ಒತ್ತಡ ಬಿದ್ದ ಮೇಲೆ ಆಟ ಅಂಗಡಿಗಳಿಂದ ಮಾಯವಾಯಿತು. ಆದರೆ ಹುಡುಗರ ಕೈಯಲ್ಲಿದ್ದ ಪ್ರತಿಗಳು ನಕಲಾಗುತ್ತಲೇ ಹೋದವು. ತಮಾಷೆಯೆಂದರೆ, 2009ರಲ್ಲಿ ಇದೇ ಅಕ್ಕತಂಗಿಯರು ಹೊಸ ಆಟವಾಗಿ ನಿಂಟೆಂಡೊದ ಕೈಯಾಟಿಕೆಯ ಮೇಲೆಯೇ ಅಧಿಕೃತವಾಗಿ ಬಂದರು.

ಮುಂದಿನ ಕತೆ 1990ರ ಸೆಪ್ಟೆಂಬರಿನದು. ಅಮೆರಿಕದ ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರು. ಅಲ್ಲಿನ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿ ನಮ್ಮ ಡೇವ್‌ನ ಜನಕ ರೊಮೆರೊ ಕೆಲಸಕ್ಕಿದ್ದ. ಜಾನ್ ಕಾರ್ಮ್ಯಾಕ್ ಅವನ ಸಹೋದ್ಯೋಗಿ. ಆಗಿನ ಐಬಿಎಂ ಮಾದರಿಯ ಪಿಸಿಯೆಂದರೆ ಲೆಕ್ಕಪತ್ರ ಬರೆಯುವ ಯಂತ್ರ. 16 ಬಣ್ಣದ ಪರದೆಯನ್ನು ಪೂರ್ತಿ ಬರೆಯಲು 32 ಸಾವಿರ ಬೈಟ್ ಸಾಗಿಸಬೇಕು. ಮಾರಿಯೊನಂತೆ ನೆಲ ಓಡಿಸುವುದು ಅದರಿಂದ ಆಗದ ಕೆಲಸವೆಂದೇ ಎಲ್ಲರೂ ಎಣಿಸಿದ್ದರು.

ಕಾರ್ಮ್ಯಾಕ್ ಕಂಡುಕೊಂಡ ಉಪಾಯ ನಮ್ಮ ಅಜ್ಜಿಯರಿಗೂ ಅರ್ಥವಾಗುವಂಥದ್ದು. ಬದಲಾಗದ್ದನ್ನು ಮತ್ತೆ ಬರೆಯಬೇಡ, ಅಷ್ಟೆ. ನೀಲಿ ಆಕಾಶದ ಚೌಕ ಪಕ್ಕಕ್ಕೆ ಸರಿದು ಅದರ ಜಾಗಕ್ಕೆ ಇನ್ನೊಂದು ನೀಲಿ ಚೌಕವೇ ಬರುವುದಾದರೆ, ಆ ಜಾಗವನ್ನು ಮುಟ್ಟುವುದೇಕೆ? ಚಿತ್ರದ ಕಾರ್ಡು ತಾನೇ ಪರದೆಯನ್ನು ಕೆಲವು ಚುಕ್ಕೆ ಸರಿಸಬಲ್ಲದು. ಆಮೇಲೆ ಹಿಂದಿನದಕ್ಕೂ ಈಗಿನದಕ್ಕೂ ವ್ಯತ್ಯಾಸವಿರುವ ಚೌಕಗಳನ್ನಷ್ಟೇ ತಿದ್ದಿದರೆ ಸಾಕು. ಅಂಗಳಕ್ಕೆಲ್ಲ ಮತ್ತೆ ಸಗಣಿ ಸಾರಿಸದೆ, ಅಳಿಸಿಹೋದ ಕಡೆ ಮಾತ್ರ ರಂಗೋಲಿ ತಿದ್ದುವ ಕೆಲಸ ಇದು.

ಅದನ್ನು ಪರೀಕ್ಷಿಸಲು ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಒಂದು ರಾತ್ರಿ ನಿದ್ದೆಗೆಟ್ಟು ‘ಸೂಪರ್ ಮಾರಿಯೊ ಬ್ರದರ್ಸ್ 3’ರ ಮೊದಲ ಹಂತವನ್ನು ಪಿಸಿಯಲ್ಲಿ ಯಥಾವತ್ತಾಗಿ ಎಬ್ಬಿಸಿದರು. ಮಾರಿಯೊನ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿ, ಆ ಫ್ಲಾಪಿಯನ್ನು ರೊಮೆರೊನ ಮೇಜಿನ ಮೇಲಿಟ್ಟು ಹೋದರು. ಅದಕ್ಕೆ ಅವರಿಟ್ಟ ಹೆಸರು ‘ಹಕ್ಕುಸ್ವಾಮ್ಯ ಉಲ್ಲಂಘನೆಯಲ್ಲಿ ಡೇಂಜರಸ್ ಡೇವ್’ ಎಂಬರ್ಥದ್ದು! ಬೆಳಿಗ್ಗೆ ಬಂದು ನೋಡಿದ ರೊಮೆರೊಗೆ ಇನ್ನು ಈ ನೌಕರಿ ಸಾಕು ಅನ್ನಿಸಿತಂತೆ. ಮುಂದೆ ಅವರು ಮಾರಿಯೊ ಆಟದ ಪಿಸಿ ಮಾದರಿಯೊಂದನ್ನು ತಯಾರಿಸಿ ನಿಂಟೆಂಡೊಗೆ ಕಳಿಸಿದರು. ತಮ್ಮ ಆಟ ತಮ್ಮ ಯಂತ್ರದಲ್ಲೇ ಇರಲಿ ಎಂದು ಆ ಕಂಪನಿ ಒಪ್ಪಲಿಲ್ಲ.

ಅವರು ತಮ್ಮದೇ ಆಟ ಬರೆದರು. 1990ರ ಡಿಸೆಂಬರ್ 14ರಂದು ‘ಕಮಾಂಡರ್ ಕೀನ್’ ಹೊರಬಂತು. ಎಂಟು ವರ್ಷದ ಹುಡುಗನೊಬ್ಬ ಹೆಲ್ಮೆಟ್ ಹಾಕಿಕೊಂಡು, ಮನೆಯಲ್ಲೇ ಕಟ್ಟಿದ ಗಗನನೌಕೆಯಲ್ಲಿ ಮಂಗಳಗ್ರಹಕ್ಕೆ ಹೋಗುವ ಕತೆ. ಪ್ರಕಟಿಸಿದ ಅಪೋಜಿ ಕಂಪನಿಯ ಮಾರಾಟದ ಕ್ರಮ ವಿಚಿತ್ರವಾಗಿತ್ತು. ಮೂರು ಭಾಗಗಳಲ್ಲಿ ಮೊದಲನೆಯದು ಉಚಿತ. ನಕಲು ಮಾಡಿ, ಸ್ನೇಹಿತರಿಗೆ ಹಂಚಿ. ಇಷ್ಟವಾದರೆ ಉಳಿದೆರಡಕ್ಕೆ ಹಣ ಕಳಿಸಿ. ಬಣ್ಣದ ಚೀಟಿ ಇಟ್ಟು ನಕಲನ್ನು ತಡೆಯಲು ಹೋದ ಉದ್ಯಮ, ಏಳೇ ವರ್ಷದೊಳಗೆ ನಕಲನ್ನೇ ವ್ಯಾಪಾರ ಮಾಡಿಕೊಳ್ಳುವುದನ್ನು ಕಲಿತಿತ್ತು. ಈ ಗೆಳೆಯರು 1991ರಲ್ಲಿ ಸ್ಥಾಪಿಸಿದ ಇಡ್ ಸಾಫ್ಟ್‌ವೇರ್ ಸಂಸ್ಥೆಯೇ 1993ರಲ್ಲಿ ‘ಡೂಮ್’ ಆಟವನ್ನು ತಂದದ್ದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾನು ಹುಟ್ಟುವ ಮೊದಲೇ ಈ ಆಟಗಳ ಕಾಲ ಮುಗಿದಿತ್ತು. ಆದರೂ ಇವುಗಳಲ್ಲಿ ಹೆಚ್ಚಿನದನ್ನು ನಾನು ಆಡಿ ನೋಡಿದ್ದೇನೆ. ಹೇಗೆ ಸಾಧ್ಯವಾಯಿತು? ಬರೆದ ಕಂಪನಿಗಳಲ್ಲಿ ಅನೇಕವು ಮುಚ್ಚಿಹೋಗಿವೆ. ಕಮೋಡೋರ್ 1994ರಲ್ಲೇ ದಿವಾಳಿಯಾಯಿತು. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಫ್ಲಾಪಿಯ ಕಾಂತಶಕ್ತಿ ಕುಂದುತ್ತದೆ. ಉಳಿಸಿದವರು ನಕಲು ಮಾಡಿದವರು. ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶಗಳನ್ನು ಹವ್ಯಾಸಿಗಳೇ ಬರೆದರು. 2015ರ ಜನವರಿಯಲ್ಲಿ ಅಮೆರಿಕದ ಇಂಟರ್ನೆಟ್ ಆರ್ಕೈವ್ ಸುಮಾರು 2,400 ಹಳೆಯ ಡಾಸ್ ಆಟಗಳನ್ನು ಯಾರು ಬೇಕಾದರೂ ಆಡುವಂತೆ ತೆರೆದಿಟ್ಟಿತು. ನಿಂಟೆಂಡೊ ಬೇಡವೆಂದ ಆ ಮಾರಿಯೊ ಮಾದರಿಯ ಫ್ಲಾಪಿ 2021ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಆಟಗಳ ವಸ್ತುಸಂಗ್ರಹಾಲಯವನ್ನು ಸೇರಿತು.

ಕಾನೂನು ಇದನ್ನೆಲ್ಲ ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ದೇಶದಲ್ಲೂ 1984ರ ತಿದ್ದುಪಡಿಯ ನಂತರ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯೆಂದೇ ಪರಿಗಣಿಸಲಾಗಿದೆ. ಬರೆದವರು ಕಾಲವಾದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಷ್ಟು ವರ್ಷ ಫ್ಲಾಪಿ ಉಳಿಯುವುದಿಲ್ಲ! ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಹಣ ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಬಳಸಲು ಕೊಡುತ್ತೇವೆ ಎಂದು ಗ್ರಂಥಾಲಯಗಳ ಪರವಾಗಿ ಕೇಳಿದ ಅನುಮತಿಯನ್ನು 2024ರ ಅಕ್ಟೋಬರಿನಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ನಿರಾಕರಿಸಿತು.

ಹಾಗೆಂದು ನಕಲು ಮಾಡಿದವರೆಲ್ಲ ಪುಣ್ಯವಂತರೆಂದು ನಾನು ಹೇಳುತ್ತಿಲ್ಲ. ರಾತ್ರಿಯೆಲ್ಲ ಕೂತು ಬರೆದವನಿಗೆ ಕೂಲಿ ಸಿಗಬೇಕು. ಸಿಗದಿದ್ದರೆ ಮುಂದಿನ ಆಟ ಹುಟ್ಟುವುದಿಲ್ಲ. ಆದರೆ ಕೂಲಿ ಪಡೆಯುವವರೂ ಇಲ್ಲ, ಮಾರುವವರೂ ಇಲ್ಲ ಎಂದಾದ ಮೇಲೆ ಕೃತಿಯನ್ನು ಬೀಗ ಹಾಕಿ ಕೊಳೆಯಬಿಡುವುದು ಯಾರ ಹಿತಕ್ಕೆ? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದು ಓಲೆಗರಿಯನ್ನು ಗೆದ್ದಲು ತಿಂದರೂ ಇನ್ನೊಂದು ಉಳಿಯಲಿ ಎಂಬ ವಿವೇಕ ನಮಗೆ ಹೊಸದಲ್ಲ.

ಇದು ಆಟಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. ಕೆಲವು ತಿಂಗಳ ಹಿಂದೆ ವರದಿಗೆಂದು ಹಿರಿಯ ಲೇಖಕರೊಬ್ಬರ ಮನೆಗೆ ಹೋಗಿದ್ದೆ. ಅವರು ಒಂದು ಬಿಸ್ಕತ್ತಿನ ಡಬ್ಬ ತೆಗೆದು ತೋರಿಸಿದರು. ಒಳಗೆ ಹನ್ನೊಂದು ಫ್ಲಾಪಿಗಳು. ತೊಂಬತ್ತರ ದಶಕದಲ್ಲಿ ಟೈಪ್ ಮಾಡಿಸಿದ ಅವರ ಅಪ್ರಕಟಿತ ಕಾದಂಬರಿ ಅದರಲ್ಲಿದೆ. ಓದುವ ಯಂತ್ರ ಮನೆಯಲ್ಲಿಲ್ಲ. ಯಂತ್ರ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತ ಇಟ್ಟುಕೊಂಡಿತ್ತು. ಅದೇ ತಂತ್ರಾಂಶವೋ, ಅದನ್ನು ಬಲ್ಲ ಪರಿವರ್ತಕವೋ ಸಿಗದಿದ್ದರೆ ಕಾಣುವುದು ಅರ್ಥವಿಲ್ಲದ ಗೀಚು. ಕೈಬರಹದ ಪ್ರತಿ ಎಲ್ಲಿ ಎಂದು ಕೇಳಿದೆ. ‘ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ ಎಂದು ರದ್ದಿಗೆ ಹಾಕಿದೆ’ ಎಂದರು.

ಐರೋಪ್ಯ ಹುಡುಗರು ಮೂವತ್ತು ವರ್ಷ ಕೂತು ಸಾವಿರಾರು ಆಟಗಳನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಇಂದಿನ ಕಂಪ್ಯೂಟರಿಗೆ ಇಳಿಸಿ, ಹೆಸರು, ವರ್ಷ ಬರೆದು ಇಟ್ಟಿದ್ದಾರೆ. ಅವರಿಗೆ ಅದು ತಮ್ಮ ಬಾಲ್ಯ. ನಮ್ಮ ಡಬ್ಬಗಳಲ್ಲಿರುವುದು ಕಾದಂಬರಿ, ಊರಿನ ಇತಿಹಾಸ, ಅಜ್ಜನ ಹಾಡಿನ ಧ್ವನಿಮುದ್ರಣ. ಈ ಭಾನುವಾರ ಮನೆಯ ಅಟ್ಟ ಹತ್ತಿ ನೋಡಿ. ಫ್ಲಾಪಿಯೋ ಕ್ಯಾಸೆಟ್ಟೋ ಸಿಕ್ಕರೆ ಮೇಲಿನ ಚೀಟಿ ಓದಿ, ಅದರಲ್ಲೇನಿದೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಓದುವ ಯಂತ್ರ ಇನ್ನೂ ಇರುವವರನ್ನು ಹುಡುಕಿ, ಮುಂದಿನ ಮಳೆಗಾಲದೊಳಗೆ ಒಂದಾದರೂ ನಕಲು ಮಾಡಿಸಿ. ಆ ಲೇಖಕರ ಹನ್ನೊಂದರಲ್ಲಿ ಏಳು ಫ್ಲಾಪಿಗಳನ್ನು ನಾವು ಕೊನೆಗೂ ಓದಿಸಿದೆವು. ಉಳಿದ ನಾಲ್ಕಕ್ಕೆ ತಡವಾಗಿತ್ತು.